ನಡುಮನೆಯಲ್ಲಿ ಹನ್ನೆರಡು ಎಲೆ

ನಾನು ಯಳಂದೂರಿನವನು. ದೈಹಿಕ ಶಿಕ್ಷಕನಾಗಿ ನನ್ನ ಕೊನೆಯ ಪೋಸ್ಟಿಂಗ್ ಹನೂರಿನ ಒಂದು ಪ್ರೌಢಶಾಲೆಯಲ್ಲಿ. ಕೋವಿಡ್ ಕಳೆದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದವು, ನನ್ನ ನಿವೃತ್ತಿಯೂ ಹತ್ತಿರವಾಗಿತ್ತು. ಆ ವರ್ಷ ನಮ್ಮ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ವಿಭಾಗ ಮಟ್ಟದ ಚಾಂಪಿಯನ್ ಆಯಿತು. ತಾಲ್ಲೂಕು ಮಟ್ಟದ ಗೆಲುವನ್ನು ಹೇಳಿಕೊಳ್ಳಲು ನನಗೇ ನಾಚಿಕೆ, ಯಾಕೆಂದರೆ ಅಲ್ಲಿ ನಮ್ಮನ್ನು ಬಿಟ್ಟರೆ ಬೇರೆ ತಂಡವೇ ಇರಲಿಲ್ಲ. ಆದರೆ ಜಿಲ್ಲೆಯನ್ನೂ ವಿಭಾಗವನ್ನೂ ಮಕ್ಕಳು ಬೆವರು ಸುರಿಸಿಯೇ ಗೆದ್ದರು.

ಈ ಆಟದಲ್ಲಿ ಐದು ಜನ ಅಂಕಣದಲ್ಲಿರುತ್ತಾರೆ, ಏಳು ಜನ ಬೆಂಚಿನಲ್ಲಿ. ಚೆಂಡನ್ನು ಮುಂದಕ್ಕೆ ತಂದು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವಳು ಪಾಯಿಂಟ್ ಗಾರ್ಡ್. ನಮ್ಮ ತಂಡದಲ್ಲಿ ಆ ಕೆಲಸ ಲೊಕ್ಕನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಮಾದೇವಿಯದು. ಮಾತು ಸ್ವಲ್ಪ ಖಾರ, ಕಣ್ಣು ಬಹಳ ಚುರುಕು. ಅವಳು ಕೊಟ್ಟ ಚೆಂಡನ್ನು ಬುಟ್ಟಿಗೆ ಹಾಕುತ್ತಿದ್ದವಳು ಹನೂರಿನ ನಂದಿನಿ. ಒಬ್ಬಳಿಲ್ಲದೆ ಇನ್ನೊಬ್ಬಳ ಆಟ ಸಾಗುತ್ತಿರಲಿಲ್ಲ.

ನಮ್ಮ ಕಡೆ ಮಕ್ಕಳು ಏನಾದರೂ ಗೆದ್ದರೆ ಸಮುದಾಯದ ಸಂಘಗಳು ಮೊದಲು ಕೇಳುವುದು, ‘ಇದರಲ್ಲಿ ನಮ್ಮವರು ಎಷ್ಟು ಜನ?’ ಎಂದು. ನಂದಿನಿಯ ಸಮುದಾಯದವರೂ ಕೇಳಿದರು, ತಂಡದಲ್ಲಿ ಅವಳೊಬ್ಬಳೇ ಇದ್ದಳು. ಅವಳ ತಾತ, ಅರಿಶಿನದ ವ್ಯಾಪಾರಿ ಗುರುಮಲ್ಲಪ್ಪನವರೇ ಸಂಘದ ಅಧ್ಯಕ್ಷರು. ಒಂದು ಭಾನುವಾರ ಕೊಳ್ಳೇಗಾಲದಲ್ಲಿ ಸಭೆ ಸೇರಿಸಿ ಮೊಮ್ಮಗಳಿಗೆ ಶಾಲು, ಹಾರ, ಮೈಸೂರು ಪೇಟ ಎಲ್ಲ ತೊಡಿಸಿದರು. ಮಾರನೆಯ ದಿನ ಹನೂರು ಬಸ್‌ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. ಕಪ್ ಹಿಡಿದ ನಂದಿನಿ, ಕೆಳಗೆ ‘ನಮ್ಮ ಸಮುದಾಯದ ಹೆಮ್ಮೆ’. ತಂಡದ ಗುಂಪು ಫೋಟೋದಿಂದ ಅವಳನ್ನಷ್ಟೇ ಕತ್ತರಿಸಿ ತೆಗೆದಿದ್ದರು. ಪಕ್ಕದಲ್ಲಿ ನಿಂತಿದ್ದ ಮಾದೇವಿ ಮಾಯವಾಗಿದ್ದಳು. ನಂದಿನಿಯ ಹೆಗಲ ಮೇಲೆ ಅವಳ ಬೆರಳುಗಳು ಮಾತ್ರ ಉಳಿದಿದ್ದವು.

ಮಾದೇವಿ ಬಸ್ಸಿಳಿಯುತ್ತಿದ್ದದ್ದು ಅದೇ ಫ್ಲೆಕ್ಸಿನ ಎದುರಿಗೆ.

ಅಂದಿನಿಂದ ಪ್ರಾಕ್ಟೀಸಿನಲ್ಲಿ ಚೆಂಡು ನಂದಿನಿಯ ಕಡೆ ಹೋಗುವುದೇ ನಿಂತಿತು. ಅವಳು ಬುಟ್ಟಿಯ ಕೆಳಗೆ ಕೈಯೆತ್ತಿ ನಿಂತಿದ್ದರೂ ಮಾದೇವಿ ಬೇರೆಯವರಿಗೆ ಕೊಡುತ್ತಿದ್ದಳು, ಉಳಿದವರೂ ಹಾಗೇ ಮಾಡತೊಡಗಿದರು. ರಾಜ್ಯ ಮಟ್ಟದ ಪಂದ್ಯಕ್ಕೆ ಎರಡೇ ವಾರ ಉಳಿದಿತ್ತು. ಹೀಗೇ ಹೋದರೆ ಮೊದಲ ಸುತ್ತಿನಲ್ಲೇ ಮನೆಗೆ ವಾಪಸ್ಸು. ಮಾದೇವಿಯನ್ನು ಕರೆದು ಗದರಿದೆ.

“ಅವಳ್ ಫೋಟೋನೇ ಬಂದು ಆಡ್ಲಿ ಬುಡಿ ಸಾ” ಅಂದಳು.

ಅತ್ತ ನಂದಿನಿ ಮನೆಯಲ್ಲಿ ಊಟ ಬಿಟ್ಟು, ‘ಶಾಲು ವಾಪಸ್ ಕೊಡ್ತೀನಿ’ ಎಂದು ಅಳುತ್ತಿದ್ದಳಂತೆ. ಗುರುಮಲ್ಲಪ್ಪನವರ ಅರಿಶಿನದ ಮಂಡಿಗೆ ಹೋದೆ. ಅವರು ಕೆಟ್ಟವರಲ್ಲ. ಮೊಮ್ಮಗಳೆಂದರೆ ಪ್ರಾಣ.

“ನಮ್ ಮಗೀಗೆ ನಾವು ಸನ್ಮಾನ ಮಾಡುದ್ರೆ ಯಾರಿಗೇನ್ ನಷ್ಟ ಮೇಷ್ಟ್ರೇ?” ಎಂದರು. ನಾನು ವಾದಕ್ಕಿಳಿಯಲಿಲ್ಲ. ಒಂದು ಸಂಜೆ ಬಂದು ಮಗುವಿನ ಆಟ ನೋಡಿ ಎಂದಷ್ಟೇ ಹೇಳಿದೆ.

ಬಂದರು. ಬೆಂಚಿನ ತುದಿಯಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದವರು ಚಡಪಡಿಸತೊಡಗಿದರು.

“ಯಾಕ್ ಮೇಷ್ಟ್ರೇ, ನಮ್ ಮಗು ಆಗ್ಲಿಂದ ಕೈ ನೀಡ್ಕಂಡೇ ನಿಂತದೆ, ಯಾರೂ ಚೆಂಡೇ ಕೊಡ್ತಿಲ್ವಲ್ಲ?”

“ಫ್ಲೆಕ್ಸಿನಲ್ಲಿ ಅವಳೊಬ್ಬಳೇ ಇದ್ದಾಳಲ್ಲ ಸ್ವಾಮಿ” ಎಂದೆ.

ಅವರ ಮುಖ ಇಳಿದುಹೋಯಿತು. ಎದ್ದು ಹೊರಡುವಾಗ, ಬೇರೆ ಸಮುದಾಯದವರಿಗೆ ಸನ್ಮಾನ ಮಾಡಲು ಸಂಘದ ಉಳಿದವರು ಒಪ್ಪುವುದಿಲ್ಲ, ತಮ್ಮ ಮನೆಯಲ್ಲೇ ಎಲ್ಲರನ್ನೂ ಕರೆದು ಊಟ ಹಾಕಿ ಶಾಲು ಹೊದಿಸುತ್ತೇನೆ ಎಂದರು. ನಾನು ಖುಷಿಯಿಂದ ಮಕ್ಕಳಿಗೆ ತಿಳಿಸಿದೆ. ಎಲ್ಲರೂ ಮಾದೇವಿಯ ಮುಖ ನೋಡಿದರು.

“ನಮ್ಮವ್ವ ಅವ್ರ ಮಂಡೀಲಿ ಅರಿಶ್ಣ ಹಸನು ಮಾಡಕ್ಕೆ ಓಯ್ತಿತ್ತು ಸಾ. ಉಣ್ಣಾಕೆ ಅವ್ರ ಮನೆ ಜಗ್ಲಿ ಮೇಲೇ ಇಕ್ತಿದ್ರು. ನಮ್ಗೂ ಜಗ್ಲಿ ಮೇಲೇ ಎಲೆ ಆಕಾದಾದ್ರೆ ನಾವು ಬರಾಕಿಲ್ಲ.”

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಟಿ ಊದಿದವನು ನಾನು. ಅದಕ್ಕಿಂತ ಕಷ್ಟದ ಮಾತನ್ನು ಯಾರ ಮನೆಗೂ ಹೊತ್ತುಕೊಂಡು ಹೋದವನಲ್ಲ. ಮಾದೇವಿಯ ಜಾತಿಯವರು ಆ ಮನೆಯ ಹೊಸ್ತಿಲು ದಾಟಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅವಳು ಹೇಳಿದ್ದನ್ನು ಗುರುಮಲ್ಲಪ್ಪನವರ ಮನೆಗೆ ಹೋಗಿ ಒಂದಕ್ಷರ ಬಿಡದೆ ಅವರ ಮುಂದೆ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಗೌರಮ್ಮಣ್ಣಿ ಕೇಳಿಸಿಕೊಂಡು ಗಂಡನ ಕಡೆಯೂ ನೋಡದೆ ಹೇಳಿದರು:

“ಜಗ್ಲಿ ಮೇಲೆ ಅನ್ನೆರಡು ಎಲೆ ಎಲ್ಲಿ ಇಡಿಸ್ತದೆ ಮೇಷ್ಟ್ರೇ? ನಡುಮನೇಲೇ ಆಕ್ತೀನಿ, ಬರೇಳಿ.”

ಆ ಜಗಲಿಯಲ್ಲಿ ಇಪ್ಪತ್ತು ಜನ ಆರಾಮಾಗಿ ಕೂರಬಹುದಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು, ಗುರುಮಲ್ಲಪ್ಪನವರಿಗೂ ಗೊತ್ತು.

ಶನಿವಾರ ಮಧ್ಯಾಹ್ನ ಹನ್ನೆರಡು ಹುಡುಗಿಯರೂ ಒಂದೇ ಸಾಲಿನಲ್ಲಿ ಕೂತರು. ಹೋಳಿಗೆ, ಕೋಸಂಬರಿ, ಅನ್ನ, ಸಾರು. ಶುರುವಿನಲ್ಲಿ ಮಾದೇವಿ ಬೆನ್ನು ಸೆಟೆಸಿ ಕೂತಿದ್ದಳು, ಎರಡನೆಯ ಹೋಳಿಗೆಯ ಹೊತ್ತಿಗೆ ಸಡಿಲಾದಳು. ಊಟ ಮುಗಿದಾಗ ತನ್ನ ಎಲೆ ತಾನೇ ಎತ್ತಲು ಬಗ್ಗಿದಳು. ಗೌರಮ್ಮಣ್ಣಿ ಅವಳ ಕೈ ಹಿಡಿದು ತಡೆದರು.

“ಬುಡವ್ವ. ಗೆದ್ದು ಬಂದೋರು ಎಲೆ ಎತ್ತಾದಾ?”

ಹನ್ನೆರಡು ಎಲೆಗಳನ್ನೂ ಆ ವಯಸ್ಸಿನಲ್ಲಿ ಅವರೇ ಬಗ್ಗಿ ಎತ್ತಿದರು. ಗುರುಮಲ್ಲಪ್ಪನವರು ಆಮೇಲೆ ಹೊದಿಸಿದ ಶಾಲುಗಳು ಯಾವ ಬಣ್ಣದವೆಂದು ನನಗೆ ನೆನಪಿಲ್ಲ. ನನ್ನ ಕಣ್ಣು ತುಂಬಿಬಂದಿತ್ತು, ಅದನ್ನು ಮುಚ್ಚಿಡುವುದರಲ್ಲೇ ಇದ್ದೆ.

ಮತ್ತೆ ಪ್ರಾಕ್ಟೀಸ್ ಶುರುವಾದಾಗ ಮೊದಲ ಚೆಂಡೇ ಮಾದೇವಿಯಿಂದ ನಂದಿನಿಗೆ ರಪ್ಪನೆ ಹೋಯಿತು. ನಂದಿನಿ ನಂಬಲಾರದೆ ಕೈಬಿಟ್ಟಳು. “ಇಡ್ಕಳೇ! ಎಲ್ ನೋಡ್ತಿದ್ದೀಯೇ?” ಎಂದು ಮಾದೇವಿ ಗದರಿದಳು. ಆ ಬೈಗುಳ ಕೇಳಿ ನನ್ನ ಜೀವಕ್ಕೆ ಸಮಾಧಾನವಾಯಿತು.

ರಾಜ್ಯ ಮಟ್ಟದಲ್ಲಿ ಸೆಮಿಫೈನಲ್‌ವರೆಗೆ ಹೋಗಿ ಸೋತೆವು. ಚೆನ್ನಾಗಿ ಆಡಿಯೇ ಸೋತೆವು, ಎದುರಿನವರು ನಮಗಿಂತ ಎತ್ತರವಿದ್ದರು. ಗುರುಮಲ್ಲಪ್ಪನವರ ಸಂಘ ಈಗಲೂ ತನ್ನವರನ್ನಷ್ಟೇ ಕರೆದು ಸನ್ಮಾನಿಸುತ್ತದೆ. ಒಂದು ಊಟದಿಂದ ಊರು ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಮಾತ್ರ ಆ ಹುಡುಗಿಯಿಂದ ಒಂದು ಪಾಠ ಸಿಕ್ಕಿತು: ಯಾರಾದರೂ ಗೌರವ ಕೊಡುತ್ತೇವೆ ಎಂದಾಗ, ಎಲ್ಲಿ ಕೂರಿಸುತ್ತೀರಿ ಎಂದು ಮೊದಲು ಕೇಳಬೇಕು. ಅಲ್ಲಿಂದಾಚೆ ನಿವೃತ್ತಿಯವರೆಗೂ ತಂಡಕ್ಕೆ ಸನ್ಮಾನವೆಂದು ಯಾರು ಬಂದರೂ ವೇದಿಕೆಯ ಮೇಲೆ ಎಷ್ಟು ಕುರ್ಚಿ ಹಾಕಿಸುತ್ತೀರಿ ಎಂದು ಕೇಳುತ್ತಿದ್ದೆ. ಹನ್ನೆರಡಕ್ಕೆ ಒಂದು ಕಡಿಮೆಯಾದರೂ, ಮಕ್ಕಳಿಗೆ ಪ್ರಾಕ್ಟೀಸ್ ಇದೆ ಎಂದು ಕೈಮುಗಿದು ಕಳಿಸಿಬಿಡುತ್ತಿದ್ದೆ.