ಸದ್ದು ಮಾಡಿದ ಬೋರ್ಡು

ನಮ್ಮ ಬೀದಿಯಲ್ಲಿ ಬೋರ್ಡು ಬರೆಯುತ್ತಿದ್ದವರನ್ನು ಎಲ್ಲರೂ ಪಿಸುಮಾತಣ್ಣ ಎಂದೇ ಕರೆಯುತ್ತಿದ್ದರು. ಅವರು ಮಾತಾಡಿದರೆ ಎದುರಿನವರು ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕಾಗಿತ್ತು. ಅವರ ಅಕ್ಷರ ಮಾತ್ರ ಹಾಗಲ್ಲ.

ಆ ಅಕ್ಷರ ಹುಟ್ಟಿದ್ದು ಛತ್ರಿ ರಿಪೇರಿಯವನ ಅಂಗಡಿಯಲ್ಲಿ. ಅಂಗಡಿಯ ಅಗಲ ಒಂದು ಬಾಗಿಲಿನಷ್ಟು. ಅದಕ್ಕಿಟ್ಟ ಹೆಸರೋ ಹನುಮಂತನ ಬಾಲದಷ್ಟು ಉದ್ದ. ಅದು ಒಂದೇ ಸಾಲಿನಲ್ಲಿ ಹಿಡಿಸಬೇಕು, ಬೀದಿಯ ಆ ತುದಿಗೂ ಕಾಣಬೇಕು. ಪಿಸುಮಾತಣ್ಣ ಅಕ್ಷರಗಳ ಹೊಟ್ಟೆ ಕರಗಿಸಿದರು, ಎತ್ತರ ಏರಿಸಿದರು, ಬಳುಕು ಬಾಗುಗಳನ್ನೆಲ್ಲ ಕತ್ತರಿಸಿ ಗೆರೆಯನ್ನು ಉದ್ದಕ್ಕೂ ಒಂದೇ ದಪ್ಪಕ್ಕೆ ತಂದರು. ‘ಮ’ ಒಂದೇ ಹಟ ಹಿಡಿಯಿತು. ಎಷ್ಟು ಅದುಮಿದರೂ ಪಕ್ಕದವರ ಮೈಮೇಲೆ ಬೀಳುತ್ತಿತ್ತು. ಕೊನೆಗೆ ಅದೂ ಬಗ್ಗಿತು. ತುಂಬಿದ ಬಸ್ಸಿನಲ್ಲಿ ನಿಂತ ಪ್ರಯಾಣಿಕರಂತೆ ಅಕ್ಷರಗಳು ಹೆಗಲಿಗೆ ಹೆಗಲು ತಾಗಿಸಿ ನಿಂತವು.

ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಕ್ಷೌರದಂಗಡಿ, ಬಸ್ಸಿನ ಹಣೆ, ನಾಟಕದ ಪೋಸ್ಟರು, ಎಲ್ಲೆಲ್ಲೂ ಅದೇ. ಗ್ರಂಥಾಲಯದ ಮೇಡಂ ಕೂಡ ‘ಸದ್ದು ಮಾಡಬೇಡಿ’ ಎಂದು ಬರೆಸಿ ಓದುವ ಕೋಣೆಯಲ್ಲಿ ತೂಗುಹಾಕಿಸಿದರು.

ಮರುದಿನವೇ ದೂರು ಶುರುವಾಯಿತು. ನಿವೃತ್ತ ಮೇಷ್ಟ್ರೊಬ್ಬರು ಕಿವಿಗೆ ಹತ್ತಿ ತುರುಕಿಕೊಂಡು ಬಂದರು. “ಆ ಬೋರ್ಡಿನ ಗಲಾಟೆಯಲ್ಲಿ ಒಂದು ಸಾಲೂ ತಲೆಗೆ ಹೋಗ್ತಿಲ್ಲಮ್ಮ!”

ಮೇಡಂ ಪಿಸುಮಾತಣ್ಣನನ್ನು ಕರೆಸಿದರು. “ಸ್ವಲ್ಪ ದನಿ ತಗ್ಗಿಸಿ ಕೊಡ್ರೀ.”

ಅವರು ಕಪ್ಪು ಅಳಿಸಿ ಬೂದು ಹಚ್ಚಿದರು. ಕಂಬಳಿ ಹೊದ್ದು ಕೂಗಿದ ಹಾಗಿದೆ ಎಂದರು ಮೇಷ್ಟ್ರು. ಅಳತೆ ಕಿರಿದು ಮಾಡಿದರು. ಮಗು ರಚ್ಚೆ ಹಿಡಿದ ಹಾಗಿದೆ ಎಂದರು. ವಿಷಯ ಆಡಳಿತ ಸಮಿತಿಗೆ ಹೋಯಿತು.

ಸಭೆಯಲ್ಲಿ ಪಿಸುಮಾತಣ್ಣ ಎದ್ದು ಏನೋ ಹೇಳಿದರು. ಯಾರಿಗೂ ಕೇಳಿಸಲಿಲ್ಲ.

“ಏನಂದ್ರಿ? ಜೋರಾಗಿ ಹೇಳಿ,” ಎಂದರು ಅಧ್ಯಕ್ಷರು.

ಅವರು ಒಂದು ರಟ್ಟು ತೆಗೆದುಕೊಂಡು ಕುಂಚ ಅದ್ದಿ, ‘ಅಕ್ಷರಕ್ಕೆ ಬಾಯಿಲ್ಲ ಸ್ವಾಮಿ’ ಎಂದು ಬರೆದು ಎತ್ತಿ ಹಿಡಿದರು.

ಅಧ್ಯಕ್ಷರು ಕುರ್ಚಿ ಸಮೇತ ಹಿಂದೆ ಸರಿದರು. “ಅಯ್ಯೋ, ಹಾಗೆ ಕಿರುಚಬೇಡ್ರಿ ಮಾರಾಯ್ರೇ!”

ಬೋರ್ಡು ಇಳಿಯಿತು. ಅದರ ಜಾಗಕ್ಕೆ ಎಳೆಯಂಥ ಗೆರೆಯ, ದುಂಡು ಅಕ್ಷರದ ಇನ್ನೊಂದು ಬೋರ್ಡು ಬಂತು. ಅದಕ್ಕೆ ಯಾರೂ ಸೊಪ್ಪು ಹಾಕಲಿಲ್ಲ. ವಾರದೊಳಗೆ ಓದುವ ಕೋಣೆ ಮೀನು ಮಾರ್ಕೆಟ್ ಆಯಿತು. ಸಮಿತಿ ಮತ್ತೆ ಸೇರಿ ಹಳೆಯದನ್ನೇ ತೂಗುಹಾಕಿಸಿತು. ಆದರೆ ಒಂದು ಷರತ್ತು: ಮಧ್ಯಾಹ್ನ ಜನರು ತೂಕಡಿಸುವ ಹೊತ್ತಿಗೆ ಅದರ ಮುಖವನ್ನು ಗೋಡೆಗೆ ತಿರುಗಿಸಿಡಬೇಕು. ಈ ಕೆಲಸಕ್ಕೆ ಜವಾನ ತಲೆನೋವಿನ ಭತ್ಯೆ ಕೇಳಿದ, ಕೊಟ್ಟರು.

ಪಿಸುಮಾತಣ್ಣನಿಗೆ ಒಳಗೊಳಗೇ ಹಿಗ್ಗು. ಮನೆಯಲ್ಲೂ ಅವರ ಮಾತು ನಡೆದದ್ದು ಕಡಿಮೆ. ಈಗ ಒಂದು ಸಭೆಯೇ ಬೆಚ್ಚಿಬಿದ್ದಿತ್ತು. ಆದರೂ ಹೆರಿಗೆ ಆಸ್ಪತ್ರೆಯವರು ‘ನಿಶ್ಶಬ್ದ’ ಎಂದು ಬರೆಸಲು ಬಂದಾಗ ಅವರು ಕುಂಚ ಕೆಳಗಿಟ್ಟರು.

“ಬೇಡ ಸಿಸ್ಟರ್,” ಎಂದರು, ಎಂದಿನ ದನಿಯಲ್ಲೇ. “ಪಾಪ, ಕೂಸುಗಳು ಎದ್ದುಬಿಡ್ತಾವೆ.”