ಎಲಾದಿಯೊ ಸ್ಟಿಯರಿಂಗ್ ಆರಿಸಿದ್ದು

ಅರ್ರೆಸಿಫೆಸ್ ಊರಿನಲ್ಲಿ ದೇವರ ವಿಷಯಕ್ಕೆ ಯಾರೂ ಜಗಳವಾಡುವುದಿಲ್ಲ. ಪುರುಸೊತ್ತಾದರೂ ಎಲ್ಲಿದೆ? ಭಾನುವಾರದ ಕಾರ್ ರೇಸಿನಲ್ಲಿ ಫೋರ್ಡ್ ಮೇಲೋ ಷೆವರ್ಲೆ ಮೇಲೋ ಎಂಬುದು ತೀರ್ಮಾನವಾಗುವ ತನಕ ಸ್ವರ್ಗ ನರಕಗಳೆಲ್ಲ ಕಾಯಬೇಕು. ರೊಸಾರಿಯೊ ಬಂದರಿಗೆ ಜೋಳದ ಲಾರಿ ಓಡಿಸುವ ಎಲಾದಿಯೊ ಬಿದೆಗಾಯಿನ್ ಹುಟ್ಟಾ ಷೆವರ್ಲೆಯವನು. ಜೀವಮಾನದಲ್ಲಿ ಒಂದು ಷೆವರ್ಲೆ ಕೊಂಡವನಲ್ಲ, ಮನೆಯ ಮುಂದೆ ನಿಂತಿರುವುದು ಹಳೆಯ ರೆನೋ. ಆದರೆ ನಿಷ್ಠೆಗೂ ಸ್ವಂತ ವಾಹನಕ್ಕೂ ಏನು ಸಂಬಂಧ!

ಚಿಕ್ಕಂದಿನಿಂದಲೂ ಅವನಿಗೆ ರೇಸಿಗಿಳಿಯುವ ಹುಚ್ಚು. ಮೊದಲು ಅಪ್ಪ ಬಿಡಲಿಲ್ಲ, ಆಮೇಲೆ ಲಾರಿ ಬಿಡಲಿಲ್ಲ, ಆಮೇಲೆ ಹೊಟ್ಟೆ ಸ್ಟಿಯರಿಂಗಿಗೆ ತಾಗತೊಡಗಿತು. ತಲೆ ನೆರೆತ ಮೇಲೆ ಊರಿನ ಕ್ಲಬ್ಬು ಕಂಪ್ಯೂಟರಿನಲ್ಲಿ ರೇಸ್ ಪಂದ್ಯ ಇಟ್ಟಿತು. ಸಾಯುವುದರೊಳಗೆ ಒಮ್ಮೆಯಾದರೂ ರೇಸಿನಲ್ಲಿ ಓಡಿಸಿದೆ ಅನ್ನಿಸಿಕೊಳ್ಳಬೇಕೆಂದು ಎಲಾದಿಯೊ ಹೆಸರು ಕೊಟ್ಟೇಬಿಟ್ಟ. ಕಂಪ್ಯೂಟರು ಮಗಳದ್ದಿತ್ತು. ಇಲ್ಲದ್ದು ಅದಕ್ಕೆ ಜೋಡಿಸುವ ಸ್ಟಿಯರಿಂಗ್ ಒಂದೇ.

ಅಲ್ಲಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅಗ್ಗದ ಸ್ಟಿಯರಿಂಗಿನೊಳಗೆ ಹಲ್ಲುಚಕ್ರ, ತಿರುಗಿಸಿದರೆ ಕಟಕಟ. ಬೆಲ್ಟಿನದು ಮೆತ್ತಗೆ. ಎಲ್ಲಕ್ಕಿಂತ ದುಬಾರಿಯದು ನೇರವಾಗಿ ಮೋಟಾರಿನ ಮೇಲೇ ಕೂತಿರುತ್ತದೆ. ತೆರೆಯ ಮೇಲಿನ ಕಾರು ಗುಂಡಿಗಿಳಿದರೆ ನಮ್ಮ ಕೈ ಅದುರುತ್ತದೆ. ಒಂದನ್ನೂ ಮುಟ್ಟದೆಯೇ ಎಲ್ಲದರ ಮೇಲೂ ಭಾಷಣ ಬಿಗಿಯುವಷ್ಟು ಪಂಡಿತನಾದ ಎಲಾದಿಯೊ, ಕೊನೆಗೆ ಹಲ್ಲುಚಕ್ರದ್ದನ್ನೇ ತಂದು ಊಟದ ಮೇಜಿಗೆ ಬಿಗಿದ. ಕಾರಣ, ಅದರ ಅಂಚಿಗೆ ಷೆವರ್ಲೆಯ ಹೊಂಬಣ್ಣದ ಪಟ್ಟಿಯಿತ್ತು. ಮೋಟಾರಿನದರ ಪಟ್ಟಿ ನೀಲಿ, ಅಂದರೆ ಫೋರ್ಡಿನ ಬಣ್ಣ.

"ಕಾಫಿಬೀಜ ಪುಡಿ ಮಾಡ್ತಿದೀಯಾ?" ಅಡುಗೆಮನೆಯಿಂದ ಹೆಂಡತಿ ಎಲ್ವಿರಾ ಕೇಳಿದಳು.

"ರೇಸ್ ಓಡಿಸ್ತಿದೀನಿ. ನಿಂಗದೆಲ್ಲ ಗೊತ್ತಾಗಲ್ಲ."

ಅವಳು ಬಂದು ಇಣುಕಿದಳು. "ಕಾರು ಆಗ್ಲೇ ಬೇಲಿ ಹಾರಿ ಹೊಲಕ್ಕೆ ಬಿದ್ದಿದೆಯಲ್ಲಪ್ಪ."

ಬಿದ್ದಿತ್ತು, ಪ್ರತಿ ತಿರುವಿನಲ್ಲೂ. ಕಾರು ಜಾರುವುದು ಕೈಗೆ ತಿಳಿಯುತ್ತಲೇ ಇರಲಿಲ್ಲ.

ಎಲ್ವಿರಾಳ ತಮ್ಮ ಫೆರ್ಮಿನ್, ಫೋರ್ಡಿನವನು, ಸುದ್ದಿ ಕೇಳಿ ಕರೆದ. "ಬಾ ಭಾವ, ನಂದು ಮೋಟಾರಿಂದು, ಹಿಡಿದು ನೋಡು. ಕಚ್ಚಲ್ಲ." ಯಾರಾದರೂ ಕಂಡಾರೆಂದು ಎಲಾದಿಯೊ ಹಿತ್ತಿಲಿನಿಂದ ಹೋದ. ಫೆರ್ಮಿನನ ಕಂಪ್ಯೂಟರಿನಲ್ಲಿ ಇದ್ದವೆಲ್ಲ ಫೋರ್ಡುಗಳೇ. ಎಲಾದಿಯೊ ಮೂಗು ಮುರಿಯುತ್ತಲೇ ಕೂತ. ಮೊದಲ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುವ ಮೊದಲೇ ಸ್ಟಿಯರಿಂಗು ಕೈಯಲ್ಲಿ ಹಗುರಾಯಿತು. ಅವನು ಯೋಚಿಸುವಷ್ಟರಲ್ಲಿ ಕೈಗಳೇ ಕಾರನ್ನು ಸರಿದಾರಿಗೆ ತಂದಿದ್ದವು. ಎಲಾದಿಯೊನ ಕಣ್ಣು ತುಂಬಿಬಂತು. ಸಿಗರೇಟಿನ ಹೊಗೆ ಎಂದ. ಅಲ್ಲಿ ಯಾರೂ ಸೇದುತ್ತಿರಲಿಲ್ಲ.

"ನಾನು ಹೊಸದು ತರಿಸಿದೀನಿ. ಇದನ್ನ ನೀನೇ ಇಟ್ಕೋ, ಪುಕ್ಕಟೆ," ಎಂದ ಫೆರ್ಮಿನ್. "ಆದ್ರೆ ಭಾನುವಾರ ಊಟಕ್ಕೆ ಎಲ್ರೂ ಸೇರ್ತೀವಲ್ಲ, ಆಗ ನಿಮ್ಮಮ್ಮನ ಎದುರು ಎದ್ದು ನಿಂತು 'ಫೋರ್ಡೇ ಮೇಲು' ಅನ್ಬೇಕು."

"ಅದಕ್ಕಿಂತ ಕೈ ಕಡ್ಕೊಳ್ತೀನಿ."

"ಕೈ ಕಡ್ಕೊಂಡ್ಮೇಲೆ ಸ್ಟಿಯರಿಂಗ್ ಯಾತಕ್ಕೆ ಭಾವ?"

ಮನೆಗೆ ಬಂದ ಎಲಾದಿಯೊ ಹೆಂಡತಿಯ ಮುಂದೆ ಕೂಗಾಡಿದ. "ಒಂದು ಸಾಮಾನಿನ ಆಸೆಗೆ ಮನುಷ್ಯ ಅನ್ನೋನು ಪಕ್ಷ ಬಿಡ್ತಾನಾ?"

"ನಾನು ಬಿಡ್ಲಿಲ್ವಾ?" ಎಂದಳು ಎಲ್ವಿರಾ, ಆಲೂಗಡ್ಡೆ ಸುಲಿಯುತ್ತಾ.

ಅವನಿಗೆ ಮರೆತೇಹೋಗಿತ್ತು. ಫೋರ್ಡ್ ಮನೆಯ ಹುಡುಗಿ ಷೆವರ್ಲೆ ಮನೆಗೆ ಸೇರಿದರೆ ತನ್ನ ಬಣ್ಣವನ್ನು ಚರ್ಚಿನ ಬಾಗಿಲಲ್ಲೇ ಬಿಟ್ಟು ಬರಬೇಕು. ಅದು ಆ ಊರಿನ ಪದ್ಧತಿ, ಯಾರೂ ಬಾಯಿಬಿಟ್ಟು ಹೇಳುವುದು ಕೂಡ ಇಲ್ಲ.

"ಫೋರ್ಡ್ ಸೋತಾಗೆಲ್ಲ ನಿಮ್ಮಮ್ಮನ ಪಕ್ಕ ಕೂತು ಚಪ್ಪಾಳೆ ತಟ್ಟಿದೀನಿ. ನಮ್ಮಪ್ಪ ಸತ್ತ ವರ್ಷಾನೂ ತಟ್ಟಿದೀನಿ. ನಂಗ್ಯಾರೂ ಸ್ಟಿಯರಿಂಗ್ ಕೊಡ್ಲಿಲ್ಲ."

ಎಲಾದಿಯೊ ಇನ್ನೊಂದು ಚಾಕು ಹುಡುಕಿ ತಂದು ಆಲೂಗಡ್ಡೆ ಸುಲಿಯಲು ಕೂತ.

ಭಾನುವಾರ ಕೆಂಡದ ಮೇಲೆ ಮಾಂಸ ಬೆಂದು, ವೈನು ಬಗ್ಗಿಸಿಯಾದ ಮೇಲೆ ಅವನು ಎದ್ದು ನಿಂತ. ಫೆರ್ಮಿನ್ ಆಗಲೇ ಮೊಬೈಲ್ ಹಿಡಿದಿದ್ದ.

"ಫೋರ್ಡೇ ಮೇಲು," ಎಂದ ಎಲಾದಿಯೊ ತಟ್ಟೆ ನೋಡುತ್ತಾ.

ಅವನ ಮುದಿ ತಾಯಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಇದನ್ನ ಕೇಳ್ಲಿ ಅಂತಾನೇ ನನ್ನ ಇಷ್ಟು ದಿನ ಉಳಿಸಿದ್ಯಾ ದೇವರೇ?" ಫೆರ್ಮಿನ್ ಕೇಕೆ ಹಾಕಿಕೊಂಡು ಹೋಗಿ ಕಾರಿನಿಂದ ಸ್ಟಿಯರಿಂಗ್ ತಂದು ಬ್ರೆಡ್ಡಿನ ಪಕ್ಕದಲ್ಲಿಟ್ಟ. ವ್ಯಾಪಾರ ಮುಗಿದಂತಾಯಿತು.

"ಇನ್ನೊಂದ್ಸಲ ಹೇಳು," ಎಂದಳು ಎಲ್ವಿರಾ. "ನಂಗೆ ಹೇಳು."

ಎರಡನೆಯ ಸಲಕ್ಕೆ ಯಾರೂ ಏನೂ ಕೊಡುವವರಿರಲಿಲ್ಲ. ಅಮ್ಮ ಬೇರೆ ಕೆಕ್ಕರಿಸಿ ನೋಡುತ್ತಿದ್ದಳು. ಎಲಾದಿಯೊ ತಟ್ಟೆಯಿಂದ ಕಣ್ಣೆತ್ತಿ, ಹೆಂಡತಿಯ ಮುಖ ನೋಡಿಕೊಂಡೇ ಹೇಳಿದ. ಎಲ್ವಿರಾ ಅತ್ತೆಯ ಪಕ್ಕದಿಂದ ತನ್ನ ಕುರ್ಚಿ ಎತ್ತಿಕೊಂಡು ಹೋಗಿ ತಮ್ಮನ ಪಕ್ಕ ಹಾಕಿಕೊಂಡಳು. ಟಿವಿಯಲ್ಲಿ ರೇಸ್ ಶುರುವಾಗುವುದರಲ್ಲಿತ್ತು.