ಅಮೀನಸಾಬ ಮಿಸ್ತ್ರಿಯ ‘ಅಡ್ಡಿ ಇಲ್ಲ’

ಅಮೀನಗಡದಲ್ಲಿ ಬಸ್ಸು ನಿಂತರೆ ಇಳಿದವರಲ್ಲಿ ಅರ್ಧ ಜನ ನನ್ನ ಅಂಗಡಿಗೆ ಬರುತ್ತಾರೆ, ಉಳಿದವರು ಎದುರಿನ ಅಂಗಡಿಗೆ ಹೋಗಿ ಮೋಸ ಹೋಗುತ್ತಾರೆ. ಕರದಂಟು ನಮ್ಮ ಅಜ್ಜನ ಕಾಲದಿಂದ ಬಂದ ಕಸುಬು. ನನ್ನ ಹೆಸರು ಹೊಳಬಸಪ್ಪ. ಆದರೆ ಇದು ನನ್ನ ಕತೆಯಲ್ಲ, ನನ್ನ ಗೋಡೆಗೆ ಗೋಡೆ ಹಚ್ಚಿ ಗ್ಯಾರೇಜು ಇಟ್ಟಿರುವ ಅಮೀನಸಾಬ ಮಿಸ್ತ್ರಿಯದು. ಮೂವತ್ತೈದು ವರ್ಷಗಳಿಂದ ಅವನ ಸುಟ್ಟ ಆಯಿಲಿನ ವಾಸನೆ ನನ್ನ ಅಂಗಡಿಗೆ ಬರುತ್ತದೆ, ನನ್ನ ಬೆಲ್ಲದ ನೊಣಗಳು ಅವನ ಗ್ಯಾರೇಜಿಗೆ ಹೋಗುತ್ತವೆ. ದಿನಕ್ಕೊಮ್ಮೆ ಜಗಳವಾಡದಿದ್ದರೆ ನಮ್ಮಿಬ್ಬರಿಗೂ ಊಟ ಸೇರುವುದಿಲ್ಲ.

ಮಿಸ್ತ್ರಿಗೆ ಈಗ ಅರವತ್ತನಾಲ್ಕು. ಗಿಡ್ಡ ಆಳು, ಬಲಗಿವಿಯ ಮೇಲೆ ಸದಾ ಗ್ರೀಸಿನ ಕಪ್ಪು ಕಲೆ. ಎಂಜಿನ್ ಚಾಲೂ ಮಾಡಿಸಿ, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಆನಿಸಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾನೆ. ಅರ್ಧ ನಿಮಿಷದಲ್ಲಿ ರೋಗ ಹೇಳುತ್ತಾನೆ. ಓಡುವಾಗಲೇ ಕಾಣಿಸಿಕೊಳ್ಳುವ ರೋಗವಾದರೆ ತಾನೇ ಗಾಡಿ ಓಡಿಸುತ್ತಾನೆ. ಆಗ ಕಿಟಕಿಯ ಗಾಜು ಇಳಿಸಿ, ತಲೆಯನ್ನು ಹೊರಗೆ ಹಾಕಿ, ಕಿವಿಯನ್ನು ರಸ್ತೆಗೆ ಕೊಟ್ಟು ಹೋಗುತ್ತಾನೆ. ಗೊತ್ತಿಲ್ಲದವರು ನೋಡಿದರೆ ಪಾಪ, ಕುತ್ತಿಗೆ ಉಳುಕಿರಬೇಕು ಅಂದುಕೊಳ್ಳಬೇಕು.

ನಮ್ಮ ಸುತ್ತಮುತ್ತ ಒಂದು ರೂಢಿ ಬೆಳೆದಿದೆ. ಗಾಡಿ ಕೊಳ್ಳುವವರೂ ಮಾರುವವರೂ ಮಿಸ್ತ್ರಿಯನ್ನು ಕರೆಯುತ್ತಾರೆ. ಅವನು ಓಡಿಸಿಕೊಂಡು ಬಂದು ‘ಅಡ್ಡಿ ಇಲ್ಲ’ ಅನ್ನುತ್ತಾನೆ, ಇಲ್ಲವೇ ‘ಬ್ಯಾಡ’ ಅನ್ನುತ್ತಾನೆ. ಮೂರನೆಯ ಮಾತಿಲ್ಲ. ಯಾಕೆ ಅಂತ ಯಾರೂ ಕೇಳುವುದಿಲ್ಲ, ಇವನು ಹೇಳುವುದೂ ಇಲ್ಲ. ಒಮ್ಮೆ ಇವನ ಹೆಂಡತಿಯ ತಮ್ಮ ನಯೀಮ ತನ್ನ ಜೀಪು ಮಾರಲು ಶಿರೂರಿನವರನ್ನು ಕರೆತಂದಿದ್ದ. ಭಾವನೇ ಮಿಸ್ತ್ರಿ, ಇನ್ನೇನು ಬೇಕು ಅಂತ ಮಾವನ ಮನೆಯವರೆಲ್ಲ ನಗುತ್ತ ಕೂತಿದ್ದರು. ಮಿಸ್ತ್ರಿ ಒಂದು ಸುತ್ತು ಹೊಡೆದು ಬಂದು, ಎಲ್ಲರ ಎದುರು ‘ಬ್ಯಾಡ’ ಅಂದ. ಗುಲಾಬಬಿ ಒಂದು ತಿಂಗಳು ಗಂಡನ ಜೊತೆ ಮಾತಾಡಲಿಲ್ಲ. ಆ ತಿಂಗಳೆಲ್ಲ ಮಧ್ಯಾಹ್ನದ ಊಟಕ್ಕೆ ಇವನು ನನ್ನ ಬುತ್ತಿಗೆ ಕೈ ಹಾಕಿದ್ದನ್ನು ನಾನು ಮರೆತಿಲ್ಲ.

ಇಂಥ ಮನುಷ್ಯನಿಗೆ ಜೀವದಷ್ಟು ಪ್ರೀತಿಯದು ಒಂದಿತ್ತು. ಅದು ಅವನದಲ್ಲ, ಇಳಕಲ್ಲಿನ ಗ್ರಾನೈಟ್ ಸಾಹುಕಾರ ವಿಜಯಮಹಾಂತೇಶರದು. ಇಪ್ಪತ್ತೆರಡು ವರ್ಷಗಳ ಹಿಂದೆ ಅವರು ಗೋವೆಯಿಂದ ಒಂದು ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಕುಂಕುಮದ ಬಣ್ಣ. ಎ.ಸಿ. ಇಲ್ಲ, ಸ್ಟಿಯರಿಂಗು ತಿರುಗಿಸಲು ಎತ್ತಿನ ರಟ್ಟೆ ಬೇಕು. ಮಿಸ್ತ್ರಿ ಅದಕ್ಕೆ ಕೆಂಪಿ ಅಂತ ಹೆಸರಿಟ್ಟ. ಅದರ ಸಾಮಾನು ಎಲ್ಲಿಯೂ ಸಿಗುತ್ತಿರಲಿಲ್ಲ. ಬಾಗಲಕೋಟೆಯ ಲೇಥಿನವನ ತಲೆ ತಿಂದು ಒಂದೊಂದನ್ನೂ ಮಾಡಿಸಿ ಹಾಕಿದ. ಪ್ರತಿ ವರ್ಷ ದಸರೆಯಲ್ಲಿ ಖಂಡೇಪೂಜೆಯ ದಿನ ಸಾಹುಕಾರರು ಪಕ್ಕದ ಸೀಟಿನಲ್ಲಿ ಕೂತು, ಮಿಸ್ತ್ರಿ ತಲೆ ಹೊರಗೆ ಹಾಕಿ ಓಡಿಸುತ್ತ, ಬಾದಾಮಿಯವರೆಗೆ ಹೋಗಿಬರುತ್ತಿದ್ದರು. ಬಂದ ಮೇಲೆ ಎರಡು ದಿನ ಮಿಸ್ತ್ರಿ ನನ್ನ ಜೊತೆ ಜಗಳವಾಡುತ್ತಿರಲಿಲ್ಲ. ಅಷ್ಟು ಖುಷಿ.

ಈ ವರ್ಷ ಸಾಹುಕಾರರು ಹೊಸದೊಂದು ಸ್ಪೋರ್ಟ್ಸ್ ಕಾರು ತಂದರು. ಹಳೆಯದನ್ನು ಬದಲಿಗೆ ಒಯ್ಯಲು ಕಂಪನಿಯವರು ಒಪ್ಪಿದ್ದರು, ಸೋಮವಾರ ಬರುವವರಿದ್ದರು. ಶನಿವಾರ ಬೆಳಿಗ್ಗೆ ಸಾಹುಕಾರರು ಹೊಸ ಕಾರನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಕೆಂಪಿಯೂ ಅಲ್ಲಿಯೇ ಇತ್ತು, ಕ್ಲಚ್ಚಿನ ಕೆಲಸ ಮುಗಿದು ಒಂದು ವಾರವಾಗಿತ್ತು.

“ಮಿಸ್ತ್ರಿ, ಎರಡೆರಡು ಆಟಿಗಿ ಸಾಮಾನ ಯಾಕ ಅಂತ ಸುನಂದಾ ಹಟ ಹಿಡದಾಳ” ಅಂದರು. ಸುನಂದಾ ಅವರ ಹೆಂಡತಿ. “ನನಗ ಟೊಂಕನೋವು ಬ್ಯಾರೆ. ಆದ್ರ ಕೆಂಪಿನ್ನ ಕಳಸಾಕ ಮನಸ್ಸಿಲ್ಲ. ನೀ ಇದನ್ನ ಹೊಡದು ನೋಡಿ ಹೇಳು. ಬ್ಯಾಡ ಅಂದ್ರ ಇದನ್ನ ಮಾರಿಬಿಡ್ತೇನಿ, ಕೆಂಪಿ ನನ್ನ ಹತ್ರನ ಇರ್ತಾಳ. ಅಡ್ಡಿ ಇಲ್ಲ ಅಂದ್ರ ಸೋಮವಾರ ಆಕಿ ಹೋಗ್ಲಿ.”

ಮಿಸ್ತ್ರಿಯ ಮುಖ ನೋಡಬೇಕಿತ್ತು. ಹೊಸ ಕಾರಿನ ಮುಚ್ಚಳ ಎತ್ತಿದ. ಒಳಗೆ ಎಂಜಿನ್ನೇ ಕಾಣಲಿಲ್ಲ, ಅದರ ಮೇಲೊಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಸ್ಕ್ರೂಡ್ರೈವರು ಹಿಡಿದುಕೊಂಡು ಎಲ್ಲಿ ಊರಲಿ ಅಂತ ಎರಡು ಸುತ್ತು ಬಂದ. ಕಡೆಗೆ ಅದನ್ನು ಗೋಡೆಗೆ ಒರಗಿಸಿ ನನ್ನ ಕಡೆ ಕಣ್ಣು ಮಿಟುಕಿಸಿದ. ಇಂಥದ್ದಕ್ಕೆ ‘ಬ್ಯಾಡ’ ಅನ್ನಲು ಎಷ್ಟು ಹೊತ್ತು ಬೇಕು ಅನ್ನುವಂತಿತ್ತು ಆ ಕಣ್ಣು.

“ನೀವಿಬ್ಬರೂ ಹೋಗಿ ಬರ್ರಿ. ನಾ ಬಾಜೂಕ ಕುಂತ್ರ ಮಿಸ್ತ್ರಿಗೆ ಖರೆ ಹೇಳಾಕ ಸಂಕೋಚ” ಅಂದು ಸಾಹುಕಾರರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತರು. ನಾನು ಅವರ ಮುಂದೆ ಚಾಕಲೇಟ್ ಕರದಂಟಿನ ತಟ್ಟೆ ಇಟ್ಟು ಹೊರಟೆ. ಈ ಚಾಕಲೇಟಿನ ಸಲುವಾಗಿ ಮಿಸ್ತ್ರಿ ನನ್ನನ್ನು ಮೂರು ವರ್ಷದಿಂದ ಬೈಯುತ್ತಿದ್ದಾನೆ. ಅಂಟು, ಕೊಬ್ಬರಿ, ಬೆಲ್ಲ ಇಷ್ಟಿದ್ದ ಮೇಲೆ ಮತ್ತೇನು ಬೇಕು ಅನ್ನುವುದು ಅವನ ವಾದ. ಜನ ಬೇಡುತ್ತಾರೆ ಅನ್ನುವುದು ನನ್ನದು.

ಬಾಗಲಕೋಟೆಯ ರಸ್ತೆ ಹಿಡಿದೆವು. ಗುಂಡಿ ಒತ್ತಿದ ಕೂಡಲೇ ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ಏನೋ ಹೇಳಿತ್ತು, ಮಿಸ್ತ್ರಿ ಮರ್ಯಾದೆಗೆ ತಲೆಯಾಡಿಸಿದ್ದ. ಎದುರಿಗೆ ಪಾಟಿಯಷ್ಟು ಅಗಲದ ಪರದೆ. ರಸ್ತೆಯ ಉಬ್ಬು, ಹಂಪು ಬಂದಾಗ ಒಂದು ಗುಂಡಿ ಒತ್ತಿದರೆ ಕಾರು ತಾನೇ ಮೂತಿ ಎತ್ತುತ್ತಿತ್ತು. ಕೆಂಪಿಯನ್ನು ಪ್ರತಿ ಹಂಪಿನ ಮೇಲೆ ಓರೆಯಾಗಿ, ಬಸುರಿಯನ್ನು ನಡೆಸಿದಂತೆ ದಾಟಿಸಿದ ಮನುಷ್ಯ ಆ ಗುಂಡಿಯನ್ನು ಎರಡೆರಡು ಸಲ ಒತ್ತಿ ನೋಡಿದ. ನನಗಂತೂ ಸೀಟು ಬಹಳ ಹಿಡಿಸಿತು. ಬೇಸಿಗೆಯ ಬಿಸಿಲಿನಲ್ಲಿ ಬೆನ್ನು ತಣ್ಣಗೆ.

ಕಾಲು ಒತ್ತಿದರೆ ಒಳಗೆ ಹುಲಿ ಗುರುಗುಟ್ಟಿದಂಥ ಸಪ್ಪಳ. ಮಿಸ್ತ್ರಿ ಗಾಜು ಇಳಿಸಿದ, ಏರಿಸಿದ, ಮತ್ತೆ ಇಳಿಸಿದ.

“ಹೊಳಬಸು, ಒಳಗಿನ ಸಪ್ಪಳನ ಬ್ಯಾರೆ, ಹೊರಗಿಂದ ಬ್ಯಾರೆ. ಇದು ಎಂಜಿನ್ ಅಲ್ಲಲೇ, ಸ್ಪೀಕರ್‌ದಾಗ ಒದರಾಕತ್ತೈತಿ!”

“ಖರೇನ?”

“ಖರೆ. ಸುಳ್ಳ ಹೇಳೂ ಗಾಡಿ ಇದು. ಎಂಜಿನ್ ಒಂದು ಮಾತಾಡಿದ್ರ ಇದು ನನಗ ಇನ್ನೊಂದು ಹೇಳತೈತಿ. ನಾಳೆ ಒಳಗ ಏನರ ಕೆಟ್ರ ಹೊಡಿಯಾಂವಗ ಗೊತ್ತಾಗೂದ್ಹೆಂಗ?”

ಅವನ ದನಿಯಲ್ಲಿ ಗೆದ್ದ ಖುಷಿಯಿತ್ತು. ‘ಬ್ಯಾಡ’ ಅನ್ನಲು ಕಾರಣ ಕೈಗೆ ಸಿಕ್ಕಿತ್ತು, ಅದೂ ಸುಳ್ಳಲ್ಲದ ಕಾರಣ. ಖರೆ ಸಪ್ಪಳ ಕೇಳಿಯೇ ಬಿಡುತ್ತೇನೆಂದು ಗಾಜನ್ನು ಪೂರ್ತಿ ಇಳಿಸಿ ತಲೆಯನ್ನು ಹೊರಗೆ ಹಾಕಿದ. ಕಮತಗಿ ಹಿಂದಾಗಿತ್ತು. ರಸ್ತೆ ಖಾಲಿ, ವೇಗ ಅರವತ್ತರ ಆಸುಪಾಸು. ನಾನು ಬಾಗಿಲ ಬದಿಯ ಗುಂಡಿಗಳನ್ನು ಒತ್ತುತ್ತ ಇದ್ದೆ. ಒಂದನ್ನು ಒತ್ತಿದಾಗ ಸೀಟು ನನ್ನ ಸೊಂಟವನ್ನು ತೀಡತೊಡಗಿತು. ಕಣ್ಣು ಮುಚ್ಚಿದೆ.

ಆಮೇಲೆ ಆದದ್ದು ನನಗೆ ಗೊತ್ತಾದದ್ದು ಎದೆಯ ಮೇಲಿನ ಪಟ್ಟಿಯಿಂದ. ಅದು ನನ್ನನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು, ಏನೋ ಚೀರಿತು, ಕಾರು ನೆಲ ಕಚ್ಚಿ ನಿಂತಿತು. ಕಣ್ಣು ಬಿಟ್ಟರೆ ಎದುರಿಗೆ ಸಾವಿತ್ರೆವ್ವ.

ಸಾವಿತ್ರೆವ್ವ ಎಪ್ಪತ್ತರ ಮುದುಕಿ. ವಾರಕ್ಕೆರಡು ದಿನ ನನ್ನ ಅಂಗಡಿಯ ಮುಂದೆ ಕೂತು ಒಣಗಿಸಿದ ಗರಿಗರಿ ಕಟಕ ರೊಟ್ಟಿ ಮಾರುತ್ತಾಳೆ. ಬುಟ್ಟಿ ಹೊತ್ತುಕೊಂಡು ಬಸ್ಸು ಹಿಡಿಯಲು ರಸ್ತೆ ದಾಟುತ್ತಿದ್ದಳು. ಬುಟ್ಟಿ ಬಿದ್ದು ರೊಟ್ಟಿ ಡಾಂಬರಿನ ಮೇಲೆ ಚೂರುಚೂರಾಗಿದ್ದವು. ಅವಳು ಮಾತ್ರ ನಿಂತಲ್ಲಿಯೇ ನಿಂತಿದ್ದಳು, ಎರಡೂ ಕೈ ತಲೆಯ ಮೇಲೆ, ಬುಟ್ಟಿ ಇನ್ನೂ ಅಲ್ಲಿಯೇ ಇದೆ ಅನ್ನುವಂತೆ.

“ನಿಮ್ಮ ಬಾಯಾಗ ಮಣ್ಣ ಹಾಕ! ಕಣ್ಣ ಎಲ್ಲಿಟ್ಟೀರೋ?” ಅಂತ ಶುರು ಮಾಡಿದವಳು ಮಿಸ್ತ್ರಿ ಇಳಿದದ್ದನ್ನು ನೋಡಿ ನಿಲ್ಲಿಸಿದಳು. “ಅಯ್ಯ, ನೀ ಏನೋ ಮಿಸ್ತ್ರಿ! ನೀ ಅಂತ ಮೊದ್ಲ ಗೊತ್ತಿದ್ರ ನಾ ಹೆದರ್ತಿದ್ದಿಲ್ಲ ನೋಡು. ಯಾರರ ಹುಡುಗ್ರು ಅಂತ ಮಾಡಿದ್ನಿ. ಚಲೋ ಬ್ರೇಕ್ ಹೊಡದಿ ಬಿಡಪಾ, ನಿನ್ನ ಹೊಟ್ಟಿ ತಣ್ಣಗಿರಲಿ.”

ಮಿಸ್ತ್ರಿ ಕಾರಿನ ಮೂತಿಯಿಂದ ಅವಳ ಕಾಲಿನವರೆಗೆ ಹೆಜ್ಜೆ ಇಟ್ಟು ಅಳೆದ. ಎರಡು ಹೆಜ್ಜೆ. ಮತ್ತೆ ಅಳೆದ. ಎರಡೇ. ಆಮೇಲೆ ಕೂತು ರೊಟ್ಟಿಯ ಚೂರುಗಳನ್ನು ಒಂದೊಂದೇ ಆಯತೊಡಗಿದ. ಅವಳು “ಬಿಡೋ ಮಾರಾಯಾ, ದನಕ್ಕೂ ಆಗೂದಿಲ್ಲ ಅವು” ಅಂದರೂ ಬಿಡಲಿಲ್ಲ. ಆಯ್ದ ಚೂರು ಮತ್ತೆ ಮತ್ತೆ ಕೈಯಿಂದ ಜಾರುತ್ತಿತ್ತು. ಎಂಜಿನ್ನಿನ ಒಳಗೆ ಕೂದಲೆಳೆಯಷ್ಟು ಸಂದು ಹೊಂದಿಸುವ ಕೈ ಅದು. ನನಗೆ ನೋಡಲಾಗಲಿಲ್ಲ.

ಅವಳನ್ನು ಬಸ್ಸಿಗೆ ಹತ್ತಿಸಿ ಕಾರಿನಲ್ಲಿ ಕೂತೆವು. ಮಿಸ್ತ್ರಿ ಚಾಲೂ ಮಾಡಲಿಲ್ಲ.

“ಹೊಳಬಸು, ನಾ ಬ್ರೇಕ್ ಹೊಡದಿಲ್ಲ.”

ನನಗದು ಗೊತ್ತಿರಲಿಲ್ಲ.

“ನನ್ನ ಕಾಲು ಎಕ್ಸಿಲೇಟರ್ ಮ್ಯಾಲ ಇತ್ತು. ನಾ ಆಕಿನ್ನ ನೋಡೇ ಇದ್ದಿಲ್ಲ. ಇದ ನೋಡಿತು, ಇದ ಬ್ರೇಕ್ ಹಾಕ್ಕೊಂಡು ನಿಂತಿತು.”

“ನೀ ತಲಿ ಹೊರಗ ಹಾಕಿದ್ಯಾಕ? ಈ ಗಾಡಿ ಸುಳ್ಳ ಸಪ್ಪಳ ಮಾಡ್ತು ಅಂತ. ತಪ್ಪು ಗಾಡೀದ” ಅಂದೆ. ನನ್ನ ವಾದ ನನಗೇ ಬಹಳ ಸರಿ ಅನ್ನಿಸಿತು.

“ಕೆಂಪ್ಯಾಗೂ ತಲಿ ಹೊರಗ ಹಾಕೇ ಹೊಡದೇನಿ, ಇಪ್ಪತ್ತೆರಡ ವರ್ಷ. ಯಾರೂ ಅಡ್ಡ ಬಂದಿಲ್ಲ, ಅಷ್ಟ.”

“ಮಿಸ್ತ್ರಿ, ಇದು ನಿನಗೂ ನನಗೂ ಬಿಟ್ರ ಯಾರಿಗೂ ಗೊತ್ತಿಲ್ಲ. ಸುಮ್ನ ಬ್ಯಾಡ ಅಂದುಬಿಡು. ಯಾಕ ಅಂತ ಯಾರೂ ಕೇಳೂದಿಲ್ಲ.”

ಅವನು ನನ್ನನ್ನು ನೋಡಿದ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ದಾರಿ ತಪ್ಪಿದವನು ದಾರಿ ಕೇಳುವಾಗ ನೋಡುತ್ತಾನಲ್ಲ, ಹಾಗಿತ್ತು ಆ ನೋಟ. ಹಿಂದಿರುಗುವಾಗ ತಲೆಯನ್ನು ಒಳಗೇ ಇಟ್ಟುಕೊಂಡು, ಎರಡೂ ಕೈಯಲ್ಲಿ ಸ್ಟಿಯರಿಂಗು ಹಿಡಿದು, ಸೈಕಲ್ಲಿನ ವೇಗದಲ್ಲಿ ಬಂದ. ಒಳಗೆ ಸ್ಪೀಕರು ಮೆಲ್ಲಗೆ ಗುರುಗುಡುತ್ತಲೇ ಇತ್ತು.

ಸಾಹುಕಾರರು ಬೆಂಚಿನಿಂದ ಎದ್ದು ಬಂದರು. ತಟ್ಟೆ ಖಾಲಿಯಾಗಿತ್ತು. “ಏನ್ ಮಿಸ್ತ್ರಿ?”

ಅವನು ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ. “ಮಿಸ್ತ್ರಿಗೆ ಹಿಡಿಸಿಲ್ರಿ ಸಾವ್ಕಾರ್ರ. ಸಪ್ಪಳ ಸುದ್ದಾ ಖರೇದಲ್ಲಂತ.”

ಸಾಹುಕಾರರ ಮುಖ ಅರಳಿತು. ದೇವರಾಣೆ, ಅರಳಿತು. ಅವರೂ ಅದನ್ನೇ ಬಯಸಿದ್ದರು. ಕೆಂಪಿಯ ಕಡೆ ತಿರುಗಿ, “ಹಂಗಾರ ಸುನಂದಾಗ ಏನ್ ಹೇಳೂದು ವಿಚಾರ ಮಾಡ್ಬೇಕು” ಅಂತ ನಗತೊಡಗಿದರು.

“ಅಡ್ಡಿ ಇಲ್ರಿ” ಅಂದ ಮಿಸ್ತ್ರಿ.

ಸಾಹುಕಾರರಿಗೆ ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿದ್ದು ಬೇಡವಾಯಿತೋ. “ಏನಂದಿ?”

“ಹೊಸಾದು. ಅಡ್ಡಿ ಇಲ್ರಿ.”

ಅಷ್ಟು ಹೇಳಿ ಗ್ಯಾರೇಜಿನ ಒಳಗೆ ಹೋದ. ರೂಢಿಯ ಪ್ರಕಾರ ಸಾಹುಕಾರರು ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ನಾನಾದರೂ ಏನಾದರೂ ಹೇಳುತ್ತಿದ್ದೆ. ಅವರು ಕೆಂಪಿಯ ಬಾಗಿಲನ್ನೊಮ್ಮೆ ಮುಟ್ಟಿ, ಹೊಸ ಕಾರಿನಲ್ಲಿ ಹುನಗುಂದದ ಕಡೆ ಹೋದರು.

ಭಾನುವಾರ ಇಡೀ ದಿನ ಮಿಸ್ತ್ರಿ ಕೆಂಪಿಯ ಕೆಳಗೆ ಮಲಗಿದ್ದ. ಕಾರ್ಬೊರೇಟರು ಬಿಚ್ಚಿ ತೊಳೆದ, ಪ್ಲಗ್ಗು ಬದಲಿಸಿದ. ಹೋಗುವುದಕ್ಕೆ ಯಾಕಿಷ್ಟು ಚಾಕರಿ ಅಂತ ಕೇಳಿದೆ. “ಯಾರ ಒಯ್ದರೂ ಮೊದಲನೇ ಸಲಕ್ಕ ಚಾಲೂ ಆಗ್ಬೇಕ ನೋಡು. ಆಕಿ ಹೆಂಗದಾಳ ಅಂತ ಅವರಿಗೂ ಗೊತ್ತಾಗ್ಲಿ” ಅಂದ. ಸಂಜೆ ಚಾಲೂ ಮಾಡಿ, ಸ್ಕ್ರೂಡ್ರೈವರು ಕಿವಿಗಿಟ್ಟುಕೊಂಡು ನಿಂತ. ಎಷ್ಟು ಹೊತ್ತಾದರೂ ಕಣ್ಣು ತೆರೆಯಲಿಲ್ಲ. ನನ್ನ ಅಂಗಡಿಯ ಡಬ್ಬಿಗಳೆಲ್ಲ ಆ ಸಪ್ಪಳಕ್ಕೆ ಸಣ್ಣಗೆ ನಡುಗುತ್ತಿದ್ದವು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ.

ಸೋಮವಾರ ಹತ್ತು ಗಂಟೆಗೆ ಕಂಪನಿಯ ಲಾರಿ ಬಂತು, ಬೆನ್ನು ಚಪ್ಪಟೆಯಾಗಿರುವ ಲಾರಿ. ಅಂಗಿಯ ಜೇಬಿನ ಮೇಲೆ ಹೆಸರಿದ್ದ ಒಬ್ಬ ಇಳಿದ. ಮಿಸ್ತ್ರಿ ಕೈ ಒರೆಸಿಕೊಂಡು ಕೀಲಿ ಹಿಡಿದು ಮುಂದೆ ಹೋದ.

“ಚೋಕ್ ಅರ್ಧ ಎಳದು, ಎರಡು ಸಲ ಪೆಡಲ್ ಒತ್ತಿ, ಆಮ್ಯಾಲ ಕೀಲಿ ತಿರುವ್ರಿ. ಗಡಿಬಿಡಿ ಮಾಡಿದ್ರ ಮುನಸ್ಕೋತಾಳ.”

“ಬೇಕಾಗಿಲ್ಲ ಅಜ್ಜಾರ, ನಾವು ಚಾಲೂ ಮಾಡೂದಿಲ್ಲ” ಅಂದ ಅವನು. ಲಾರಿಯ ಹಿಂದಿನಿಂದ ಉಕ್ಕಿನ ಹಗ್ಗ ಎಳೆದು ಕೆಂಪಿಯ ಹೊಟ್ಟೆಯ ಕೆಳಗಿನ ಕೊಂಡಿಗೆ ಹಾಕಿದ. ಒಂದು ಗುಂಡಿ ಒತ್ತಿದ. ಹಗ್ಗ ಬಿಗಿಯಿತು, ಕೆಂಪಿ ಸಪ್ಪಳವಿಲ್ಲದೆ ಮೇಲೇರಿತು.

ಆಮೇಲೆ ಮೊಬೈಲು ತೆಗೆದು ಏನೇನೋ ತುಂಬಿಸತೊಡಗಿದ. ಬಣ್ಣ, ನಂಬರು, ಗಾಜು. “ಬಂದ್ ಗಾಡಿ ಅಂತ ಹಾಕ್ತೇನಿ” ಅಂದ.

“ಬಂದ್ ಅಲ್ರಿ! ಒಂದ್ ಸಲ ಕೇಳ್ರಿ, ಅರ್ಧ ನಿಮಿಷ” ಅಂದ ಮಿಸ್ತ್ರಿ. ಕೀಲಿ ಹಿಡಿದು ಚಾಚಿದ ಕೈ ಲಾರಿಯ ಮೇಲಿನ ಕೆಂಪಿಯ ಬಾಗಿಲಿಗೆ ಎಟುಕುತ್ತಿರಲಿಲ್ಲ.

“ಏನ ಹಾಕಿದ್ರೂ ಅಷ್ಟ ಐತ್ರಿ ಅಜ್ಜಾರ, ಹೆಂಗೂ ಬಿಚ್ಚಿ ಗುಜರಿಗೆ ಹಾಕಾವ್ರ ಅದಾರ. ಇನ್ನೂ ಎರಡು ಊರಿಗೆ ಹೋಗ್ಬೇಕು.” ಮೊಬೈಲಿನ ಮೇಲೆ ಬೆರಳು ಒತ್ತಿದ, ಕೀಲಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡ, ಲಾರಿ ಹತ್ತಿದ.

ಲಾರಿ ಬಸ್ ಸ್ಟ್ಯಾಂಡ್ ದಾಟಿ ಕಾಣೆಯಾಗುವವರೆಗೆ ಮಿಸ್ತ್ರಿ ರಸ್ತೆಯ ಮೇಲೆ ನಿಂತಿದ್ದ. ನನ್ನ ಅಂಗಡಿಯ ಮುಂದೆ ಸಾವಿತ್ರೆವ್ವ ಹೊಸ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವನನ್ನು ಕರೆದು ಎರಡು ರೊಟ್ಟಿ ಕೊಟ್ಟಳು. ಶನಿವಾರದ ಬ್ರೇಕಿಗೆ ಅಂತ ಹೇಳಿದಳು. ಮಿಸ್ತ್ರಿ ಬೇಡ ಅನ್ನಲಿಲ್ಲ, ಎರಡೂ ಕೈಯಿಂದ ತೆಗೆದುಕೊಂಡ.